ಸೆರಗಿನಡಿಯ ಪಂಪು

ಶಿಡ್ಲಘಟ್ಟ
14 ಮಾರ್ಚ್ 2024

ಪ್ರೀತಿಯ ರಾಧಾಮಣಿ,

ನೀನೂ ನಿಮ್ಮ ಮನೆಯವರೂ ಕ್ಷೇಮವೆಂದು ತಿಳಿದಿದ್ದೇನೆ. ಮದುವೆ ಮನೆಯ ಆಯಾಸ ಇನ್ನೂ ಇಳಿದಿರಲಾರದು. ನಾವಿಲ್ಲಿ ಎಂದಿನಂತೆ ಇದ್ದೇವೆ. ಹಿಪ್ಪುನೇರಳೆ ಚೆನ್ನಾಗಿ ಚಿಗುರಿದೆ. ನಮ್ಮನೆಯವರು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬಂದು ಜಗಲಿಯ ಮೇಲೆ ಕೂತು, ನಾನು ಕಾಗದ ಬರೆಯುವುದನ್ನು ನೋಡಿ ನಗುತ್ತಿದ್ದಾರೆ. "ಪೋಸ್ಟಾಫೀಸು ಇನ್ನೂ ಅಲ್ಲೇ ಐತಾ ನೋಡ್ಕೊಂಡು ಬರ್ತೀನಿ ಇರು" ಎಂದರು.

ನಿನ್ನ ಮಗಳ ಮದುವೆಯಾಗಿ ಇಷ್ಟು ದಿನವಾದರೂ ನಿನಗೆ ಒಂದು ಮಾತು ತಿಳಿಸಲಿಲ್ಲ. ತಪ್ಪು ತಿಳಿಯಬೇಡ. ನೀನು ಫೋನು ಮಾಡಿದಾಗೆಲ್ಲ ನಮ್ಮನೆಯವರೇ ಎತ್ತಿಕೊಂಡು, "ತೋಟದ ಕಡೆ ಹೋಗವಳಮ್ಮ, ಬಂದ್ಮೇಲೆ ಮಾಡಿಸ್ತೀನಿ" ಎನ್ನುತ್ತಿದ್ದರಲ್ಲ, ಆಗೆಲ್ಲ ನಾನು ಅವರ ಪಕ್ಕದಲ್ಲೇ ನಿಂತು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದೆ. ಮದುವೆ ಸಾಂಗವಾಗಿ ನಡೆಯಿತು ಎಂದು ನೀನು ಅವರಿಗೆ ಹೇಳಿದ್ದನ್ನೂ ಹಾಗೆ ನಿಂತೇ ಕೇಳಿಸಿಕೊಂಡೆ. ಮೊನ್ನೆ ಫೋನು ಇಟ್ಟ ಮೇಲೆ ಅವರಿಗೆ ಸಿಟ್ಟು ಬಂತು. "ನಿನ್ ಸುಳ್ಳನ್ನ ನಾನೆಷ್ಟು ದಿನ ಹೇಳ್ಲಿ? ಮಾತಾಡಕ್ಕಾಗ್ದೆ ಇದ್ರೆ ಬರೆದು ಹಾಕು" ಎಂದರು. ಅದಕ್ಕೇ ಈ ಕಾಗದ.

ನನ್ನ ದನಿ ಹೋಗಿದೆ, ರಾಧಾ. ಪೂರ್ತಿ ಹೋಗಿಲ್ಲ, ಮಾತಾಡಿದರೆ ಏನೋ ಒಂದು ಹೊರಡುತ್ತದೆ. ಅದು ತಗಡು ಎಳೆದ ಹಾಗಿರುತ್ತದೆ. ಬೇರೆಯವರ ಮುಂದೆ ಹೇಗೋ ಸಾಗಿಸುತ್ತೇನೆ. ನಿನ್ನ ಕಿವಿಗೆ ಆ ದನಿ ಕೇಳಿಸುವುದಕ್ಕೆ ನನಗೆ ನಾಚಿಕೆಯಾಯಿತು. ತೊಂಡೇಬಾವಿಯಲ್ಲಿ ನಾವಿಬ್ಬರೂ ಲಂಗ ಉಟ್ಟುಕೊಂಡು ಮದುವೆ ಮನೆಗಳಲ್ಲಿ ಹಾಡುತ್ತಿದ್ದ ಕಾಲದಿಂದಲೂ ಸೋಬಾನೆಯನ್ನು ನಾನು ಎತ್ತಿಕೊಡುವುದು, ನೀನು ಹಿಂದೆ ಹಿಡಿಯುವುದು. ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೆ ಎನ್ನುವುದು ಕೂಡ ನಿನಗೆ ಗೊತ್ತಿತ್ತು. ಮದುವೆಯಾಗಿ ಈ ಕಡೆ ಬಂದ ಮೇಲೂ ಸುತ್ತಲ ಊರುಗಳಲ್ಲಿ ಅರಿಶಿನದ ಬಟ್ಟಲು ಕೈಗೆತ್ತಿಕೊಳ್ಳುವ ಮುಂಚೆ "ಶ್ಯಾಮಲಮ್ಮ ಬಂದ್ರಾ?" ಎಂದು ಕೇಳುತ್ತಿದ್ದರು. ಆ ಮಾತು ಕೇಳುವುದಕ್ಕಾಗಿಯೇ ನಾನು ಸ್ವಲ್ಪ ತಡಮಾಡಿ ಹೋಗುತ್ತಿದ್ದೆ. ನಿನ್ನ ಹತ್ತಿರ ಹೇಳಿಕೊಳ್ಳಲು ಏನು ಸಂಕೋಚ.

ಹರಿತಾಳ ನಿಶ್ಚಿತಾರ್ಥದ ದಿನ ನೀನು ನನ್ನ ಕೈ ಹಿಡಿದು, "ನನ್ ಮಗಳಿಗೆ ಅರಿಶಿನ ಹಚ್ಚೋವಾಗ ನೀನೇ ಹಾಡ್ಬೇಕು ಕಣೇ, ಬೇರೆ ಯಾರನ್ನೂ ಕರೆಯಲ್ಲ ನಾನು" ಎಂದೆ. ನಾನು ಹೂಂ ಎಂದೆ. ಆಗಲೇ ನನ್ನ ಚೀಲದಲ್ಲಿ ಪಂಪು ಇತ್ತು. ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುತ್ತಾರಲ್ಲ, ಆಸ್ತಮಾದವರ ಇನ್ಹೇಲರ್, ಅದು. ನಿನಗೆ ಹೇಳಲಿಲ್ಲ.

ಶುರುವಾದದ್ದು ಅದಕ್ಕೂ ಹಿಂದಿನ ಚಳಿಗಾಲದಲ್ಲಿ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹುಳುಮನೆಯೊಳಗೆ ನಿಂತರೆ ಎದೆ ಬಿಗಿಯುತ್ತಿತ್ತು. ಬೆಳೆ ತೆಗೆದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವಾಗಲಂತೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಮಲಗಿದರೆ ಎದೆಯೊಳಗೆ ಸಿಳ್ಳೆ ಹೊಡೆದ ಹಾಗೆ. ಊರಿನ ಹತ್ತಿರದ ಕ್ಲಿನಿಕ್ಕಿನವನು ಏನೋ ಮಾತ್ರೆ ಕೊಟ್ಟ. ನುಂಗಿದರೆ ಎರಡು ದಿನ ಆರಾಮ, ಮುಖ ಮಾತ್ರ ಬನ್ನಿನ ಹಾಗೆ ಊದಿಕೊಂಡಿತು. ಪಕ್ಕದ ಮನೆ ಗಂಗುಲಮ್ಮ ಕೊಟ್ಟ ಲೋಟದಲ್ಲಿ ನೀರು ಕುಡಿದು ವಾಪಸು ಕೊಟ್ಟರೆ, ಅವಳು ಅದನ್ನು ಬೇರೆ ಇಟ್ಟಳು. ಕ್ಷಯ ಎಂದು ಅವಳ ಅನುಮಾನ. ಕಫದ ಪರೀಕ್ಷೆ ಮಾಡಿಸಿದೆವು, ಅದಲ್ಲ ಎಂದು ಬಂತು. ಹಾಗೆಂದು ಊರೆಲ್ಲ ಸಾರಿಕೊಂಡು ಬರಲಾಗುತ್ತದೆಯೇ?

ಚಿಕ್ಕಬಳ್ಳಾಪುರದಲ್ಲಿ ಎದೆ ಡಾಕ್ಟರು ಒಬ್ಬರಿದ್ದಾರೆ, ಹೆಂಗಸು. ಒಂದು ಕೊಳವೆಯೊಳಗೆ ಜೋರಾಗಿ ಊದಿಸಿದರು. ಹಾಡುವ ನನಗೆ ಊದಲು ಏನು ಕಷ್ಟ ಎಂದುಕೊಂಡೆ. ಮುಳ್ಳು ಮೇಲೇಳಲೇ ಇಲ್ಲ. "ಆಸ್ತಮಾ ಅಮ್ಮ. ಉಸಿರಿನ ನಾಳ ಒಳಗಡೆ ಊದ್ಕೊಂಡು ಕಿರಿದಾಗಿದೆ" ಎಂದು ಎರಡು ಪಂಪು ಬರೆದುಕೊಟ್ಟರು. ನಮ್ಮನೆಯವರ ಮುಖ ಇಳಿದುಹೋಯಿತು. "ಪಂಪು ಅಂದ್ರೆ ಕೊನೇ ಸ್ಟೇಜಾ ಡಾಕ್ಟ್ರೇ? ಒಂದ್ಸಲ ಹಿಡಿದ್ರೆ ಬಿಡಕ್ಕಾಗಲ್ಲ ಅಂತಾರೆ" ಎಂದು ಕೇಳಿದರು.

"ಯಾರು ಅಂತಾರೆ? ನೀವು ಕೊಡಿಸ್ತಿದ್ರಲ್ಲ ಆ ಮಾತ್ರೆ, ಅದು ಮೈಯೆಲ್ಲಾ ಸುತ್ತಿ ಎದೆಗೆ ಹೋಗ್ಬೇಕು. ಇದು ನೇರವಾಗಿ ಎದೆಗೇ ಹೋಗುತ್ತೆ, ಚೂರೇ ಚೂರು ಔಷಧಿ ಸಾಕು" ಎಂದರು ಆ ಡಾಕ್ಟರು. ನೀಲಿ ಪಂಪು ಉಸಿರು ಕಟ್ಟಿದಾಗ ಮಾತ್ರ, ಕಿತ್ತಳೆ ಬಣ್ಣದ್ದು ಚೆನ್ನಾಗಿದ್ದರೂ ದಿನಾ ಬೆಳಿಗ್ಗೆ ಸಂಜೆ, ಎಳೆದುಕೊಂಡ ಮೇಲೆ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ನಮ್ಮ ಊರಿನ ಕಡೆಯ ಹೆಂಗಸೊಬ್ಬಳು ಹೊರಗಿನ ಬೆಂಚಿನ ಮೇಲೆ ಕೂತಿರುವುದು ಕಾಣಿಸಿತು. ನಾನು ಎರಡು ಪಂಪನ್ನೂ ಸೆರಗಿನಡಿಗೆ ಹಾಕಿಕೊಂಡು, ಅವಳ ಕಣ್ಣು ತಪ್ಪಿಸಿ ಹೇಗೆ ಹೊರಗೆ ಹೋಗುವುದು ಎಂದು ಯೋಚಿಸುತ್ತಿದ್ದೆ. ಡಾಕ್ಟರ ಕೊನೆಯ ಮಾತುಗಳು ಕಿವಿಗೆ ಬಿದ್ದವು, ತಲೆಗೆ ಹೋಗಲಿಲ್ಲ.

ಔಷಧಿಯ ಗುಣವನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ, ರಾಧಾ. ಮೊದಲ ಸಲ ನೀಲಿ ಪಂಪು ಎಳೆದುಕೊಂಡಾಗ, ಎದೆಯ ಮೇಲೆ ಕೂತಿದ್ದವರು ಯಾರೋ ಎದ್ದು ಹೋದ ಹಾಗಾಯಿತು. ಎಷ್ಟೋ ದಿನಗಳ ಮೇಲೆ ದಿಂಬು ಜೋಡಿಸದೆ ಮಲಗಿದೆ. ಒಣಗಿದ ಬಟ್ಟೆ ತರಲು ಮಹಡಿಗೆ ನಿಲ್ಲದೆ ಹತ್ತಿದೆ. ಅಲ್ಲೇ ನಿಂತು ಒಂದು ಸಾಲು ಹಾಡಿಯೂ ನೋಡಿದೆ. ಉಸಿರು ಕೊನೆಯವರೆಗೂ ಬಂತು. ಒಬ್ಬಳೇ ನಿಂತು ಅತ್ತೆ.

ಆಮೇಲೆ ಬುದ್ಧಿ ಕೆಟ್ಟಿತು. ಕಿತ್ತಳೆ ಪಂಪು ಎಳೆದರೆ ತಕ್ಷಣಕ್ಕೆ ಏನೂ ತಿಳಿಯುವುದಿಲ್ಲ. ಅದು ದಿನಗಟ್ಟಲೆ ಒಳಗಿನ ಊತವನ್ನು ಇಳಿಸುತ್ತಾ ಹೋಗುವ ಔಷಧಿಯಂತೆ. ನೀಲಿಯದು ಎಳೆದ ಕೂಡಲೇ ತಿಳಿಯುತ್ತದೆ. ಅದಕ್ಕೇ ನೀಲಿಯದನ್ನೇ ಮತ್ತೆ ಮತ್ತೆ ಎಳೆಯತೊಡಗಿದೆ. ಕೈ ನಡುಗಲು ಶುರುವಾಯಿತು. ಬಂದವರಿಗೆ ಕಾಫಿ ಕೊಡಲು ಹೋದರೆ ಲೋಟ ತಟ್ಟೆಯ ಮೇಲೆ ಕಟಕಟ ಎನ್ನುತ್ತಿತ್ತು. "ಏಮ್ಮಾ ಶ್ಯಾಮಲಮ್ಮ, ಇಷ್ಟು ಬೇಗ ಕೈ ನಡುಗ್ತದಾ ನಿಂಗೆ?" ಎಂದು ಗಂಗುಲಮ್ಮನೇ ಎಲ್ಲರೆದುರು ಕೇಳಿದಳು. ಸುಮ್ಮನೆ ಕೂತಿದ್ದರೂ ಎದೆ ಓಡಿ ಬಂದವರ ಹಾಗೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರಿಗೆ ಹೇಳಿದೆ. "ನೀಲಿದು ಹೆಚ್ಚಾದ್ರೆ ಹಂಗೇ ಆಗೋದು. ಕಿತ್ತಳೆದು ಸರಿಯಾಗಿ ತಗೊಂಡ್ರೆ ನೀಲಿ ನೆನಪೇ ಬರಲ್ಲ ನಿಮಗೆ" ಎಂದು ಗದರಿಸಿದರು. ಹಾಗೇ ಆಯಿತು. ಒಂದು ತಿಂಗಳು ಬಿಡದೆ ತೆಗೆದುಕೊಂಡ ಮೇಲೆ ಕೈ ನಡುಕ ನಿಂತಿತು, ಎದೆಯ ಸಿಳ್ಳೆಯೂ ನಿಂತಿತು.

ಆದರೆ ಅದನ್ನು ನಾನು ಎಲ್ಲಿ ಎಳೆದುಕೊಳ್ಳುತ್ತಿದ್ದೆ ಗೊತ್ತೇ? ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ. ಬೆಳಗಾಗುತ್ತಿದ್ದ ಹಾಗೆ ಸೌದೆ ತರುವ ನೆಪ ಮಾಡಿ ಹೋಗಿ, ಬಾಗಿಲು ಮುಂದೆ ಮಾಡಿ, ಎಳೆದು, ಎರಡು ಸೌದೆ ಕೈಯಲ್ಲಿ ಹಿಡಿದು ಬಂದುಬಿಡುವುದು. ನಮ್ಮ ಮನೆಯಲ್ಲಿ ಗ್ಯಾಸ್ ಬಂದು ಎಷ್ಟು ವರ್ಷವಾಯಿತು! ಸೊಸೆ ಯಾಮಿನಿ ಆ ಸೌದೆಯನ್ನು ನೋಡಿ ಏನಂದುಕೊಳ್ಳುತ್ತಿದ್ದಳೋ. ಅವಳು ಇಲ್ಲೇ ಸೊಸೈಟಿಯಲ್ಲಿ ಕೆಲಸಕ್ಕಿದ್ದಾಳೆ, ಬೆಳಿಗ್ಗೆ ಗಡಿಬಿಡಿ. ಅವಳಿಗೂ ನಾನು ಹೇಳಿರಲಿಲ್ಲ. ಕೊಟ್ಟಿಗೆಯಲ್ಲಿ ನೀರಿಲ್ಲ. ಬಾಯಿ ಮುಕ್ಕಳಿಸಬೇಕೆಂದೇ ಡಾಕ್ಟರು ಆವತ್ತು ಹೇಳಿದ್ದು. ಮುಕ್ಕಳಿಸದಿದ್ದರೆ ಔಷಧಿ ನಾಲಿಗೆಯ ಮೇಲೆ, ಗಂಟಲಲ್ಲಿ ಕೂರುತ್ತದೆ.

ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಮೊಸರು ಅಂಟಿದ ಹಾಗೆ ಬಿಳಿ ಬಿಳಿ ಬಂತು. ಸಾರು ಅನ್ನ ಬಾಯಿಗಿಟ್ಟರೆ ಉರಿ. ದನಿ ಒಡೆಯಿತು. ಕ್ಯಾನ್ಸರೇ ಇರಬೇಕೆಂದು ನಾನೇ ತೀರ್ಮಾನ ಮಾಡಿಕೊಂಡೆ. ಕನ್ನಡಿ ಮುಂದೆ ಬಾಯಿ ತೆರೆದು ನೋಡುವುದು, ಯಾರಾದರೂ ಬಂದರೆ ಮುಚ್ಚಿಕೊಳ್ಳುವುದು. ಕೊನೆಗೆ ಯಾರನ್ನೂ ಕೇಳದೆ ಕಿತ್ತಳೆ ಪಂಪು ಬಿಟ್ಟುಬಿಟ್ಟೆ. ಬಿಟ್ಟ ಮೇಲೆ ದನಿ ಸ್ವಲ್ಪ ತಿಳಿಯಾಯಿತು, ಉಸಿರೂ ಚೆನ್ನಾಗಿಯೇ ಇತ್ತು. ನಾನೇ ಡಾಕ್ಟರಿಗಿಂತ ಜಾಣೆ ಎಂದುಕೊಂಡೆ.

ಕಾರ್ತಿಕದಲ್ಲಿ ಮಂಚೇನಹಳ್ಳಿಯ ಆವುಲಪ್ಪನವರ ಮನೆ ಮದುವೆಗೆ ಕರೆ ಬಂತು. ನಮ್ಮನೆಯವರ ಕಡೆಯ ನೆಂಟರು. ಅಲ್ಲಿ ನಡೆದದ್ದು ನಿನಗೆ ತಿಳಿದೇ ಇದೆ. ನಿನ್ನ ನಾದಿನಿ ಅಲ್ಲಿದ್ದಳು. ಆದರೂ ನನ್ನ ಬಾಯಿಂದಲೂ ಕೇಳು.

ಮದುಮಗಳನ್ನು ಕೂರಿಸಿ ಅರಿಶಿನ ಹಚ್ಚುತ್ತಿದ್ದರು. ಚಿಕ್ಕ ನಡುಮನೆ, ತುಂಬ ಹೆಂಗಸರು, ಧೂಪದ ಹೊಗೆ. ನಾನು ಹಾಡು ಎತ್ತಿದೆ. ಸಾಲಿನ ನಡುವೆ ಉಸಿರು ಸಿಕ್ಕಿಕೊಂಡಿತು. ಇನ್ನೊಂದು ಸಲ ಎತ್ತಿದೆ. ಗಾಳಿ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ನೀಲಿ ಪಂಪು ಮನೆಯಲ್ಲೇ ಇತ್ತು. ಮದುವೆ ಮನೆಯಲ್ಲಿ ಚೀಲ ಯಾರಾದರೂ ತೆಗೆದು ನೋಡಿದರೆ ಎಂದು ಬಿಟ್ಟು ಬಂದಿದ್ದೆ. ನೆಲಕ್ಕೆ ಕೈಯೂರಿ ಕೂತು ಎಳೆದೆಳೆದು ಉಸಿರಾಡುತ್ತಿದ್ದರೆ, ಯಾರೋ "ಅಮ್ಮೋರು ಬಂದೈತೆ, ಮೈಮೇಲೆ ಬಂದೈತೆ" ಎಂದರು. ಹಣೆಗೆ ಕುಂಕುಮ ಬಳಿದರು. ಒಬ್ಬಾಕೆ ಮುಖದ ಮುಂದೆ ಕರ್ಪೂರ ಹಚ್ಚಿ ಹಿಡಿದಳು. ಆ ಹೊಗೆಗೆ ಇದ್ದ ಉಸಿರೂ ಹೋಯಿತು. ಅಲ್ಲ, ಇದು ದೇವರಲ್ಲ ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅವರೆಲ್ಲ ನನಗೆ ಕೈ ಮುಗಿಯುತ್ತಿದ್ದಾರೆ.

ನನ್ನ ಜೊತೆ ಮದುವೆಗೆ ಬಂದಿದ್ದ ಯಾಮಿನಿ ಅವರನ್ನೆಲ್ಲ ತಳ್ಳಿಕೊಂಡು ಬಂದಳು. "ಕರ್ಪೂರ ಆರಿಸ್ರೀ, ಅತ್ತೆಗೆ ಉಸಿರು ಕಟ್ಟಿದೆ" ಎಂದು ಕೂಗಿ, ಯಾರದೋ ಕಾರಿಗೆ ಕೂರಿಸಿ ಗೌರಿಬಿದನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂತಿಗೆ ಮುಖವಾಡ ಹಾಕಿ ಔಷಧಿಯ ಹೊಗೆ ಕೊಟ್ಟರು. ಸಂಜೆಗೆ ಸುಧಾರಿಸಿತು. ಸೀರೆ ಬದಲಾಯಿಸಲು ಬಟ್ಟೆಯ ಚೀಲ ಬೇಕಿತ್ತು, ಮತ್ತೆ ಆ ಮನೆಗೇ ಹೋದೆವು. ಬಾಗಿಲಲ್ಲಿ ನಿಂತಾಗ ಒಳಗಿನಿಂದ ಹಾಡು ಕೇಳಿಸಿತು. ಮದುಮಗಳಿಗೆ ತಲೆಗೆ ನೀರು ಹಾಕಿ, ಹೊಸದಾಗಿ ಅರಿಶಿನ ಅರೆದು, ಮತ್ತೊಮ್ಮೆ ಹಚ್ಚುತ್ತಿದ್ದರು. ನಾನು ಹಾಡಿದ ಶಾಸ್ತ್ರ ಆಗಬರುವುದಿಲ್ಲವೆಂದು ಆ ಹುಡುಗಿಯ ಅಜ್ಜಿ ಹಟ ಹಿಡಿದರಂತೆ. ನಾವು ಬಂದದ್ದನ್ನು ನೋಡಿ ಹಾಡು ನಿಂತಿತು. ಆವುಲಪ್ಪನವರ ಹೆಂಡತಿ ಚೀಲವನ್ನು ಹೊಸಿಲ ಹೊರಗೆ ತಂದುಕೊಟ್ಟು, "ಮನೆಗೆ ಹೋಗಿ ರೆಸ್ಟ್ ತಗೊಳ್ಳಿ ಶ್ಯಾಮಲಮ್ಮ" ಎಂದರು. ಕೆಟ್ಟದಾಗಿ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾಮಿನಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಮನೆಗೆ ಬಂದ ಮೇಲೆ ಬಾಯಿ ತೆರೆಸಿ ನೋಡಿದಳು. "ಅತ್ತೆ, ಇದೆಷ್ಟು ದಿನದಿಂದ ಹಿಂಗಿದೆ?" ಎಂದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. "ನಾನೇನು ನಿಮ್ಮನ್ನ ತಿಂದ್ಬಿಡ್ತಿದ್ನಾ?" ಎಂದು ಅವಳೇ ಅಳತೊಡಗಿದಳು.

ಚಿಕ್ಕಬಳ್ಳಾಪುರಕ್ಕೆ ಮತ್ತೆ ಹೋದೆವು. ಬಿಳಿಯದು ಕ್ಯಾನ್ಸರಲ್ಲ, ಒಂದು ಥರದ ಬೂಷ್ಟು, ಪಂಪು ಎಳೆದು ಬಾಯಿ ತೊಳೆಯದವರಿಗೆ ಬರುತ್ತದಂತೆ. ಬಾಯಿಗೆ ಹಾಕಿಕೊಳ್ಳಲು ಔಷಧಿ ಕೊಟ್ಟರು, ಹೋಯಿತು. ಪಂಪಿನ ತುದಿಗೆ ಸಿಕ್ಕಿಸಲು ಬಾಟಲಿಯಂಥ ಒಂದು ಕೊಳವೆ ಕೊಟ್ಟರು. ಅದಕ್ಕೆ ಸ್ಪೇಸರ್ ಎನ್ನುತ್ತಾರೆ. ಅದರೊಳಗಿಂದ ನಿಧಾನವಾಗಿ ಎಳೆದರೆ ಔಷಧಿ ಗಂಟಲಲ್ಲಿ ಕೂರದೆ ಎದೆಗೇ ಹೆಚ್ಚು ಹೋಗುತ್ತದೆ. ಎಳೆದ ಮೇಲೆ ನೀರಿನಲ್ಲಿ ಚೆನ್ನಾಗಿ ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ದನಿಗೂ ಔಷಧಿಯೇ ಕಾರಣವಂತೆ, ಪ್ರಮಾಣ ಕಡಿಮೆ ಮಾಡಿದ್ದಾರೆ, ನಿಧಾನವಾಗಿ ಬರಬಹುದು ಎಂದಿದ್ದಾರೆ. ಮೊದಲಿನ ಹಾಗೇ ಬರುತ್ತದೆಯೇ ಎಂದು ಕೇಳಿದೆ. "ಗ್ಯಾರಂಟಿ ಕೊಡಲ್ಲಮ್ಮ. ಆದ್ರೆ ಪಂಪು ಬಿಟ್ರೆ ಏನಾಗುತ್ತೆ ಅಂತ ನೋಡಿದ್ದೀರಿ. ಏನೇ ತೊಂದ್ರೆ ಆದ್ರೂ ಬಂದು ನನಗೆ ಹೇಳಿ. ನೀವಾಗಿ ನೀವೇ ನಿಲ್ಲಿಸಬೇಡಿ" ಎಂದರು. ಹುಳುಮನೆಯ ಕೆಲಸ ಬೇಡವೆಂದಿದ್ದಾರೆ. ನಮ್ಮನೆಯವರೇ ನೋಡಿಕೊಳ್ಳುತ್ತಾರೆ.

ಈಗ ಬೆಳಿಗ್ಗೆ ಜಗಲಿಯ ಮೇಲೆ ಕೂತೇ ಎಳೆದುಕೊಳ್ಳುತ್ತೇನೆ. ಯಾಮಿನಿ ಚೊಂಬಿನಲ್ಲಿ ನೀರು ತಂದಿಡುತ್ತಾಳೆ. ಮೊದಲ ದಿನ ಹಾಲು ಹಾಕುವ ನಲ್ಲಪ್ಪ ಗೇಟಿನ ಹತ್ತಿರ ನಿಂತು, "ಅದೇನಮ್ಮ, ವಾಲಗ ಊದೋದು ಕಲೀತಿದ್ದೀರಾ?" ಎಂದ. ನಮ್ಮನೆಯವರು ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ನಾಚಿಕೆ ಹೋಯಿತು ಎಂದು ಬರೆದರೆ ನಿನಗೆ ಸುಳ್ಳು ಬರೆದ ಹಾಗೆ. ಈಗಲೂ ದಾರಿಯಲ್ಲಿ ಯಾರಾದರೂ ಬಂದರೆ ಕೈ ತಾನಾಗಿ ಸೆರಗಿನ ಕಡೆ ಹೋಗುತ್ತದೆ.

ಹರಿತಾಳ ಅರಿಶಿನಕ್ಕೆ ಬರುವುದಿಲ್ಲ, ಜ್ವರ ಎಂದು ಯಾಮಿನಿ ಕೈಲಿ ಹೇಳಿಸಿದ್ದು ಇದಕ್ಕೇ. ಹಾಡುತ್ತೇನೆಂದು ಮಾತು ಕೊಟ್ಟವಳು ಆ ದನಿ ಇಟ್ಟುಕೊಂಡು ಬಂದು ಕೂರುವುದು ಹೇಗೆ?

ಹರಿತಾಳೂ ಅಳಿಯ ಚೈತನ್ಯನೂ ನೂರು ಕಾಲ ಒಬ್ಬರಿಗೊಬ್ಬರು ಆಸರೆಯಾಗಿ ಬಾಳಲಿ. ಅವರ ಮನೆಯಲ್ಲಿ ಅನ್ನಕ್ಕೂ ನಗುವಿಗೂ ಕೊರತೆ ಬಾರದಿರಲಿ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು. ನೀನು ಆರೋಗ್ಯ ನೋಡಿಕೋ.

ಇಂತಿ ನಿನ್ನ
ಶ್ಯಾಮಲಾ

ಇನ್ನೊಂದು ಮಾತು. ಮೇಲೆ ಬರೆಯಲು ಕೈ ಬರಲಿಲ್ಲ. ಕಾಗದ ಮಡಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಮುಹೂರ್ತದ ದಿನ ನಾನು ಬಂದಿದ್ದೆ, ರಾಧಾ. ಹಾಡಲು ಆಗದಿದ್ದರೆ ಏನಂತೆ, ಅಕ್ಷತೆ ಹಾಕಲು ದನಿ ಬೇಕೇ ಎನ್ನಿಸಿ, ಹರಿತಾಳಿಗೆಂದು ತಂದಿಟ್ಟಿದ್ದ ಸೀರೆ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಚಿಂತಾಮಣಿಗೆ ಬಂದೆ. ಮುಂದೆ ಹೋಮದ ಹೊಗೆ ಇರುತ್ತದೆಂದು ಛತ್ರದ ಹಿಂಬಾಗಿಲಿನಿಂದ ಬಂದೆ. ಮದುಮಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹರಿತಾ ಬಾಸಿಂಗ ಕಟ್ಟಿಕೊಂಡು ಕೂತಿದ್ದಳು. ಉಸಿರು ಎಳೆಯುವಾಗ ಅವಳ ಭುಜ ಮೇಲಕ್ಕೇಳುತ್ತಿತ್ತು. ಭುಜ ಹಾಗೆ ಏಕೆ ಏಳುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. "ಅಮ್ಮ, ಒಂದೇ ಒಂದ್ಸಲ ಎಳ್ಕೊಂಡ್ಬಿಡ್ತೀನಿ, ಪಂಪ್ ಕೊಡಮ್ಮ" ಎಂದು ನಿನ್ನನ್ನು ಕೇಳುತ್ತಿದ್ದಳು. ನೀನು ಚೀಲವನ್ನು ಹಿಂದೆ ಇಟ್ಟುಕೊಂಡು ಹೇಳಿದೆ: "ತಾಳಿ ಬೀಳೋವರೆಗೂ ತಡ್ಕೋ. ಬೀಗರ ಕಣ್ಣಿಗೆ ಬಿದ್ರೆ ಏನ್ ಗತಿ? ಮಂಚೇನಹಳ್ಳೀಲಿ ಶ್ಯಾಮಲತ್ತೆ ಹೆಂಗೆ ಮಾನ ಕಳ್ಕೊಂಡ್ಳು ಕೇಳಿದ್ಯಲ್ಲ. ನಿಂಗೂ ಹಂಗೇ ಆಗ್ಬೇಕಾ?"

ನಾನು ಅಲ್ಲಿಂದಲೇ ಹೊರಟುಬಂದೆ. ಸೀರೆ ಇನ್ನೂ ನನ್ನ ಹತ್ತಿರವೇ ಇದೆ.

ನೀನು ಹಾಗೆ ಹೇಳಿದೆಯೆಂದು ನಾನು ಕೊರಗುತ್ತಿಲ್ಲ. ತಾಯಿಯ ಭಯ ನನಗೂ ಗೊತ್ತು. ನಿನ್ನ ಮಾತು ಕೇಳಿದಾಗ, ಹೌದು, ಸರಿಯಾಗಿಯೇ ಹೇಳುತ್ತಿದ್ದಾಳೆ ಎಂದು ನನಗೂ ಅನ್ನಿಸಿಬಿಟ್ಟಿತು. ಆ ಮಗು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರೂ ಅನ್ನಿಸಿತು. ಅದನ್ನು ನೆನೆದರೆ ಮುಖ ಎತ್ತಲಾಗುವುದಿಲ್ಲ.

ಈಗ ಅವಳು ಅತ್ತೆಮನೆಯಲ್ಲಿ ಎಲ್ಲಿ ನಿಂತು ಎಳೆದುಕೊಳ್ಳುತ್ತಿದ್ದಾಳೋ, ಬಾಯಿ ಮುಕ್ಕಳಿಸಲು ಅಲ್ಲಿ ನೀರು ಇದೆಯೋ ಇಲ್ಲವೋ, ಹೆದರಿ ಬಿಟ್ಟೇಬಿಟ್ಟಿದ್ದಾಳೋ. ಗಂಡನಿಗೆ ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಮೇಲೆ ಔಷಧಿಯ ವಿಷಯ ಅಷ್ಟು ಉದ್ದಕ್ಕೆ ಬರೆದದ್ದು ನಿನಗಲ್ಲ, ಅವಳಿಗೆ. ಈ ಕಾಗದವನ್ನು ಹರಿಯಬೇಡ, ಅವಳ ಕೈಗೆ ಕೊಡು. ನನ್ನ ಹೆಸರು ಹೇಳಿ ಅವಳನ್ನು ಹೆದರಿಸಿದೆಯಲ್ಲ, ಅದೇ ಹೆಸರು ಹೇಳಿ ಕೊಡು.